ಓದಿನ ಪಿರಿಯಡ್ ನಿಲ್ಲಬಾರದು: ಕಾಸರಗೋಡಿನ ಕನ್ನಡ ಶಾಲೆಗಳ ಟೀಚರ್‌ಗಳು, ರಕ್ಷಕರು ದಯವಿಟ್ಟು ಬನ್ನಿ

ಕುಂಬಳೆ ಟೀಚರ್

ಶಾಲೆ ತೆರೆಯಲು ಇನ್ನು ಹೆಚ್ಚು ದಿನ ಇಲ್ಲ. ಜೂನ್‌ನಲ್ಲಿ ಮಾತಾಡೋಣ ಅಂತ ಕೂತರೆ ಕೆಲಸ ಕೆಟ್ಟಂತೆಯೇ. ಹಾಗಾಗಿ ಈಗಲೇ ಬರೆಯುತ್ತಿದ್ದೇನೆ.

ನಮ್ಮದು ಕನ್ನಡ ಮಾಧ್ಯಮದ ಎಲ್‌ಪಿ (ಲೋವರ್ ಪ್ರೈಮರಿ) ಶಾಲೆ. ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ. ಕೆಲವು ವರ್ಷಗಳಿಂದ ಮಧ್ಯಾಹ್ನ ಊಟ ಆದ ಮೇಲಿನ ಪಿರಿಯಡನ್ನು ಬರೀ ಓದಿಗೆ ಇಟ್ಟಿದ್ದೇವೆ. ಪಾಠವಿಲ್ಲ, ಹೋಂವರ್ಕ್ ಇಲ್ಲ. ಓದು ಬಾರದ ಮಕ್ಕಳನ್ನು ನಾಲ್ಕೈದು ಜನರ ಗುಂಪು ಮಾಡಿ ಟೀಚರ್ ಪಕ್ಕದಲ್ಲಿ ಕೂರಿಸುತ್ತೇವೆ. ಓದು ಬರುವವರು ಲೈಬ್ರರಿ ಪುಸ್ತಕ ಹಿಡಿದು ಜಗಲಿಗೆ ಹೋಗುತ್ತಾರೆ. ಗುಂಪು ನೋಡಿಕೊಳ್ಳಲು ಪಿಟಿಎ (ರಕ್ಷಕರು ಮತ್ತು ಟೀಚರ್‌ಗಳ ಸಂಘ) ದುಡ್ಡಿನಿಂದ ಒಬ್ಬ ಟೀಚರನ್ನು ಇಟ್ಟಿದ್ದೆವು. ಈ ವರ್ಷ ಅವರು ಬರುವುದಿಲ್ಲ, ಪಿಟಿಎ ಹತ್ತಿರ ದುಡ್ಡಿಲ್ಲ. ಮಕ್ಕಳ ಲೆಕ್ಕ ಕಮ್ಮಿಯಾಗಿ ಒಂದು ಡಿವಿಷನ್, ಅಂದರೆ ಒಂದು ಸೆಕ್ಷನ್ ಮತ್ತು ಅದರ ಟೀಚರ್ ಹುದ್ದೆ, ಹೋಗುವ ಹಾಗೂ ಇದೆ. ಹಾಗಾದರೆ ಇರುವ ಟೀಚರ್‌ಗಳಿಗೆ ಪಾಠ ಮುಗಿಸುವುದೇ ದೊಡ್ಡ ಕೆಲಸ. ಮೊದಲು ಕೈಬಿಡುವುದು ಓದಿನ ಪಿರಿಯಡನ್ನೇ.

ನಮ್ಮ ಶಾಲೆಗೆ ಈ ಪಿರಿಯಡ್ ಯಾಕೆ ಬೇಕು ಅಂತ ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ಕನ್ನಡ ಶಾಲೆ ಅಂದ ಕೂಡಲೇ ಮಕ್ಕಳೆಲ್ಲ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ ಅಂದುಕೊಳ್ಳುತ್ತಾರೆ. ನನ್ನ ಕ್ಲಾಸಿನಲ್ಲಿ ತುಳು ಮನೆಯವರಿದ್ದಾರೆ, ಬ್ಯಾರಿ ಮನೆಯವರಿದ್ದಾರೆ, ಕೊಂಕಣಿ, ಮರಾಟಿ, ಮಲೆಯಾಳಂ ಮನೆಯವರೂ ಇದ್ದಾರೆ. ಮನೆಯಲ್ಲೂ ಕನ್ನಡವೇ ಆಡುವವರು ಒಂದಿಷ್ಟು ಮಾತ್ರ. ಬಸ್ಸಿನ ಬೋರ್ಡು, ರೇಷನ್ ಅಂಗಡಿಯ ಬೋರ್ಡು ಮಲೆಯಾಳಂ. ಮದ್ರಸದಲ್ಲಿ ಅರಬಿ. ಶಾಲೆಯಲ್ಲಿ ಕನ್ನಡ, ಜೊತೆಗೆ ಇಂಗ್ಲಿಷ್. ಆರು ವರ್ಷದ ಮಗುವಿನ ಕಣ್ಣಿಗೆ ನಾಲ್ಕು ಲಿಪಿ ಬೀಳುತ್ತವೆ. ಇಂಥ ಮಗುವಿಗೆ ಅಕ್ಷರಮಾಲೆ ಒಂದು ಸಲ ಹೇಳಿಕೊಟ್ಟು ಬಿಟ್ಟರೆ ಓದು ತಾನಾಗಿ ಬರುವುದಿಲ್ಲ.

ನಮ್ಮಂಥ ಟೀಚರ್‌ಗಳು ಸೇರಿ ಏನು ಮಾಡಬಹುದು? ಬೇರೆ ಶಾಲೆಗಳಲ್ಲಿ ಏನು ಮಾಡಿದ್ದೀರಿ?

ಪೈವಳಿಕೆ ಯುಪಿ ಶಾಲೆ

ಟೀಚರ್, ನಮ್ಮದು ಯುಪಿ (ಅಪ್ಪರ್ ಪ್ರೈಮರಿ) ಶಾಲೆ, ನಮ್ಮಲ್ಲೂ ಇದೇ ಕಥೆ. ಬಿಆರ್‌ಸಿಯಿಂದ (ಬ್ಲಾಕ್ ಸಂಪನ್ಮೂಲ ಕೇಂದ್ರದಿಂದ) ಬರುತ್ತಿದ್ದ ಸಹಾಯವೂ ಈಗ ಮೊದಲಿನ ಹಾಗಿಲ್ಲ. ಆಯ್ದ ಶಾಲೆಗಳನ್ನು ಮಾದರಿ ಮಾಡುವ ಕೇಂದ್ರದ ಪಿಎಂ ಶ್ರೀ ಯೋಜನೆಯ ಒಪ್ಪಂದಕ್ಕೆ ಕೇರಳ ಆಗ ಸಹಿ ಹಾಕಲಿಲ್ಲ ಅಂತ ಕೇಂದ್ರ ಸಮಗ್ರ ಶಿಕ್ಷಾದ (ಶಾಲೆಗಳಿಗೆ ಕೇಂದ್ರ, ರಾಜ್ಯ ಸೇರಿ ದುಡ್ಡು ಹಾಕುವ ಯೋಜನೆ) ತನ್ನ ಪಾಲನ್ನು ತಡೆಹಿಡಿಯಿತಲ್ಲ, ಅದರ ಪೆಟ್ಟು ಕೊನೆಗೆ ತಗಲಿದ್ದು ಗುತ್ತಿಗೆಯ ಟೀಚರ್‌ಗಳಿಗೆ, ನಿಧಾನಕ್ಕೆ ಓದುವ ಮಕ್ಕಳಿಗೆ. ಜಗಳ ದಿಲ್ಲಿಗೂ ತಿರುವನಂತಪುರಕ್ಕೂ.

ಶಾಲೆ ತೆರೆದ ಮೇಲೆ ಆರನೇ ಕೆಲಸದ ದಿನ ನಡೆಯುವ ಮಕ್ಕಳ ಎಣಿಕೆ ಮರೆಯಬೇಡಿ. ಆ ದಿನ 'ಸಂಪೂರ್ಣ'ದಲ್ಲಿ (ಮಕ್ಕಳ ದಾಖಲಾತಿಯ ಆನ್‌ಲೈನ್ ವ್ಯವಸ್ಥೆ) ಇರುವ ಲೆಕ್ಕದ ಮೇಲೆ ಡಿವಿಷನ್ ಉಳಿಯುವುದು. ಏಳನೇ ದಿನ ಹತ್ತು ಮಕ್ಕಳನ್ನು ಕರೆತಂದರೂ ಪ್ರಯೋಜನವಿಲ್ಲ. ಮೇ ತಿಂಗಳಲ್ಲಿ ಮನೆಮನೆಗೆ ಹೋಗಲೇಬೇಕು. ನಾವು ಹೋಗುತ್ತಿದ್ದೇವೆ.

ಬದಿಯಡ್ಕದ ನಿವೃತ್ತ ಮಾಸ್ಟ್ರು

ಕುಂಬಳೆ ಟೀಚರ್ ಬರೆದದ್ದನ್ನು ಎರಡು ಸಲ ಓದಿದೆ. ನನಗೆ ಕಂಡ ಮುಖ್ಯ ವಿಷಯ ಹೇಳುತ್ತೇನೆ. ನಿಮ್ಮ ಓದಿನ ಪಿರಿಯಡ್ ಯಾವ ಕಾಗದದಲ್ಲಿದೆ? ಶಾಲೆಯ ವಾರ್ಷಿಕ ಯೋಜನೆಯಲ್ಲಿ ಇದೆಯಾ? ಪಿಟಿಎ ಮಿನಿಟ್ಸ್‌ನಲ್ಲಿ ಇದೆಯಾ? ಪಂಚಾಯತ್ ಪ್ರಾಜೆಕ್ಟಿನಲ್ಲಿ ಇದೆಯಾ? ಎಲ್ಲೂ ಇಲ್ಲದಿದ್ದರೆ ಅದನ್ನು ಯಾರೂ ರದ್ದು ಮಾಡಬೇಕಾಗಿಯೇ ಇಲ್ಲ. ಒಳ್ಳೆಯ ಟೀಚರ್ ಇರುವಷ್ಟು ದಿನ ನಡೆಯುತ್ತದೆ, ಅವರಿಗೆ ವರ್ಗವಾದ ದಿನ ನಿಲ್ಲುತ್ತದೆ. ನಿಂತದ್ದು ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಆಫೀಸಿಗೆ ಗೊತ್ತೂ ಆಗುವುದಿಲ್ಲ.

ನಾವು 1990-91ರಲ್ಲಿ ಸಾಕ್ಷರತಾ ಆಂದೋಲನದಲ್ಲಿ ದುಡಿದವರು. ಹಗಲು ಶಾಲೆ, ರಾತ್ರಿ ಕ್ಲಾಸು. ಬೀಡಿ ಕಟ್ಟುವ ಹೆಂಗಸರು, ತೋಟದ ಕೆಲಸದವರು ಬಂದು ಕೂರುತ್ತಿದ್ದರು. ಯಾರಿಗೂ ಸಂಬಳ ಇರಲಿಲ್ಲ. 1991ರ ಏಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರ ಅಂತ ಘೋಷಣೆಯಾಯಿತು. ಆ ಹುರುಪು ಈಗಲೂ ನೆನಪಿದೆ. ಆದರೆ ಆಮೇಲೂ ಉಳಿದದ್ದು ಯಾವುದು? ಸಾಕ್ಷರತಾ ಮಿಷನ್ ಅಂತ ಒಂದು ವ್ಯವಸ್ಥೆಯಾಗಿ ನಿಂತದ್ದು, ಶಾಲೆ ಬಿಟ್ಟವರು ಶಾಲೆಯ ಮಟ್ಟದ ಪಾಸು ಪಡೆಯುವ ತುಲ್ಯತಾ ಪರೀಕ್ಷೆ ಅಂತ ನಿಯಮವಾಗಿ ಬಂದದ್ದು. ಬರೀ ಹುಮ್ಮಸ್ಸಿನ ಮೇಲೆ ನಡೆದ ಕ್ಲಾಸುಗಳು ಒಂದೆರಡು ವರ್ಷದಲ್ಲಿ ಮುಚ್ಚಿದವು.

ಸರಕಾರಿ ಎಲ್‌ಪಿ, ಯುಪಿ ಶಾಲೆಗಳು ಗ್ರಾಮ ಪಂಚಾಯತಿನ ಕೈಗೆ ಬಂದಿವೆ. 1996ರ ಜನಕೀಯ ಯೋಜನೆಯ (ಯೋಜನೆ ಮಾಡುವ ಕೆಲಸವನ್ನು ಪಂಚಾಯತಿಗೆ ಕೊಟ್ಟ ಕಾರ್ಯಕ್ರಮ) ನಂತರ ಪಂಚಾಯತಿಗೆ ದುಡ್ಡೂ ಇದೆ, ಅಧಿಕಾರವೂ ಇದೆ. ರಸ್ತೆಗೆ ಇಡುವ ಹಾಗೆ ಓದಿಗೂ ಇಡಬಹುದು. ಈ ವರ್ಷದ ಯೋಜನೆ ಆಗಲೇ ಪಾಸಾಗಿರುತ್ತದೆ. ತಿದ್ದುಪಡಿ ಬರುವಾಗ ಸೇರಿಸಿ ಅಂತ ಕೇಳಿ. ಮುಂದಿನ ವರ್ಷಕ್ಕೆ ಗ್ರಾಮಸಭೆಯಲ್ಲೇ ಎತ್ತಿ. ಗ್ರಾಮಸಭೆಯಲ್ಲಿ ಬರದ ವಿಷಯ ಪಂಚಾಯತಿನ ಪ್ರಾಜೆಕ್ಟ್ ತಯಾರಿಸುವ ವರ್ಕಿಂಗ್ ಗ್ರೂಪಿಗೆ ಹೋಗುವುದು ಕಷ್ಟ.

ಸೀತಾಂಗೋಳಿಯ ಅಪ್ಪ

ನಾನು ಕನ್ನಡ ಶಾಲೆಯಲ್ಲೇ ಕಲಿತವನು. ಮಗಳನ್ನು ಮಾತ್ರ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದೇನೆ. ಇದನ್ನು ಇಲ್ಲಿ ಹೇಳುವುದು ಯಾರನ್ನೂ ನೋಯಿಸಲು ಅಲ್ಲ. ನಮ್ಮ ಊರಿನ ಶಾಲೆಯಲ್ಲಿ ಅವಳು ಒಂದನೇ ಕ್ಲಾಸಿಗೆ ಸೇರುವ ವರ್ಷ ಓಣಂ ಪರೀಕ್ಷೆ (ವರ್ಷದ ಮೊದಲ ಪರೀಕ್ಷೆ) ಬಂದರೂ ಟೀಚರ್ ಬಂದಿರಲಿಲ್ಲ. ಕನ್ನಡ ಪಾಠಪುಸ್ತಕವೂ ಪೂರ್ತಿ ಬಂದಿರಲಿಲ್ಲ. ಮಲೆಯಾಳಂ ಮೀಡಿಯಂ ಮಕ್ಕಳ ಕೈಯಲ್ಲಿ ಪುಸ್ತಕ ಇತ್ತು. ಎಷ್ಟು ದಿನ ಕಾಯಬೇಕಿತ್ತು ನಾನು?

ನೀವು ಮಕ್ಕಳ ಲೆಕ್ಕ ಹೆಚ್ಚಿಸಲು ಮನೆಗೆ ಬರುತ್ತೀರಿ. ಬಂದಾಗ ನನ್ನಂಥವರು ಕೇಳುವುದು ಇದನ್ನೇ. ಟೀಚರ್ ಇರುತ್ತಾರಾ, ಅವರಿಗೆ ಕನ್ನಡ ಬರುತ್ತದಾ, ಮೂರನೇ ಕ್ಲಾಸಿಗೆ ಬರುವಾಗ ಮಗು ಓದುತ್ತದಾ. ಇದಕ್ಕೆ ಗಟ್ಟಿ ಉತ್ತರ ಕೊಟ್ಟರೆ ಜನ ವಾಪಸ್ ಬರುತ್ತಾರೆ. ಭಾಷಾಭಿಮಾನದ ಮಾತಿಗೆ ಬರುವುದಿಲ್ಲ.

ಕುಂಬಳೆ ಟೀಚರ್

ಅಣ್ಣ, ನೀವು ಬರೆದದ್ದರಲ್ಲಿ ಒಂದು ಮಾತನ್ನೂ ನಾನು ಅಲ್ಲಗಳೆಯಲಾರೆ. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಕೊಡುವುದಕ್ಕೇ ನಾನು ಈ ಪಿರಿಯಡ್‌ಗೆ ಅಂಟಿಕೊಂಡಿರುವುದು.

ಪ್ರತಿ ಮಗುವನ್ನೂ ಬೇರೆಬೇರೆಯಾಗಿ ಕೂರಿಸಿ ಓದಿಸಿ ನೋಡುತ್ತೇವೆ. ಮಕ್ಕಳ ಓದನ್ನು ಅಳೆಯುವ ಅಸರ್ ಸಮೀಕ್ಷೆಯವರು ಮಾಡುವ ರೀತಿಯೇ. ಮೊದಲು ಒಂದು ಸಣ್ಣ ಪ್ಯಾರಾ ಕೊಡುತ್ತೇವೆ. ಸರಾಗ ಓದಿದರೆ ಕಥೆ ಕೊಡುತ್ತೇವೆ. ತಡವರಿಸಿದರೆ ಬಿಡಿ ಪದ, ಅದೂ ಆಗದಿದ್ದರೆ ಅಕ್ಷರ. ಒಂದು ಮಗುವಿಗೆ ಐದು ನಿಮಿಷ ಸಾಕು. ಮಾರ್ಕು ಹಾಕುವುದಿಲ್ಲ. ಎಲ್ಲಿ ನಿಂತಿತು ಅಂತ ಬರೆದಿಟ್ಟುಕೊಳ್ಳುತ್ತೇವೆ ಅಷ್ಟೇ.

ಮೂರನೇ ಕ್ಲಾಸಿನ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಮನೆಮಾತು ಬ್ಯಾರಿ. ಅಕ್ಷರ ಎಲ್ಲ ಗೊತ್ತು, ಕಾಗುಣಿತವೂ ಗೊತ್ತು. 'ಪುಸ್ತಕ' ಬಂದಾಗ 'ಪುಸ' ಅಂತ ಹೇಳಿ ನಿಂತ. ಒತ್ತಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ. ಮನೆಯಲ್ಲಿ ಕನ್ನಡ ಆಡುವ ಮಗುವಾದರೆ ಇಲ್ಲಿ ಅರ್ಧ ಓದಿ ಉಳಿದರ್ಧ ಊಹಿಸಿಬಿಡುತ್ತದೆ. 'ಹಸು ಹುಲ್ಲು' ಅನ್ನುವಷ್ಟರಲ್ಲಿ 'ತಿನ್ನುತ್ತದೆ' ಬಾಯಲ್ಲಿ ಬಂದಿರುತ್ತದೆ. ಈ ಹುಡುಗನಿಗೆ ಊಹಿಸಲು ಕನ್ನಡದ ಮಾತು ತಲೆಯಲ್ಲಿ ಅಷ್ಟು ಇಲ್ಲ. ಪ್ರತಿ ಅಕ್ಷರವನ್ನೂ ಬಿಡಿಸಿಕೊಂಡೇ ಹೋಗಬೇಕು. ಕ್ಲಾಸಿನಲ್ಲಿ ಎಲ್ಲರೂ ಒಟ್ಟಿಗೆ ಓದುವಾಗ ಅವನು ಬಾಯಿ ಆಡಿಸುತ್ತಾ ಇದ್ದ, ಯಾರಿಗೂ ಗೊತ್ತಾಗಿರಲಿಲ್ಲ.

ಗುಂಪಿನಲ್ಲಿ ನಾವು ಮಾಡಿದ್ದು ಎರಡೇ ಕೆಲಸ. ಒಂದು, ಓದುವ ಮೊದಲು ಆ ಕಥೆಯ ಬಗ್ಗೆ ಮಾತಾಡುವುದು. ಚಿತ್ರ ತೋರಿಸಿ, ಅವನು ಬ್ಯಾರಿಯಲ್ಲಿ ಹೇಳಿದರೂ ಸರಿ, ನಾನು ಕನ್ನಡದಲ್ಲಿ ಹೇಳುವುದು. ಎರಡು, ಒತ್ತಕ್ಷರ ಇರುವ ಪದಗಳನ್ನು ಚೀಟಿಯಲ್ಲಿ ಬರೆದು ಬಿಡಿಸಿ ಜೋಡಿಸುವುದು. ಅಕ್ಕ, ಬೆಟ್ಟ, ಹಳ್ಳ ಇಂಥವು ಮೊದಲು. ಒಂದೇ ಅಕ್ಷರಕ್ಕೆ ಅದೇ ಒತ್ತು ಬರುವುದು ಸುಲಭ. ಪುಸ್ತಕ, ರಸ್ತೆ, ಚಂದ್ರ ಆಮೇಲೆ. ವರ್ಷದ ಕೊನೆಗೆ ಅವನು ಎರಡನೇ ಕ್ಲಾಸಿನ ಕಥೆಯನ್ನು ತಾನಾಗಿ ಓದಿದ. ನಿಧಾನ, ಆದರೆ ತಾನಾಗಿ. ಜಗಲಿಯಲ್ಲಿ ಕೂರುವವರ ಜೊತೆ ಹೋಗಿ ಕೂತ.

ನಲವತ್ತು ನಿಮಿಷದ ಕ್ಲಾಸಿನಲ್ಲಿ, ಎರಡು ಕ್ಲಾಸು ಒಟ್ಟಿಗೆ ಕೂರಿಸಿದ ಮೇಲೆ, ಇದನ್ನು ಮಾಡಲು ಆಗುವುದಿಲ್ಲ. ಆಗುತ್ತದೆ ಅನ್ನುವವರು ಒಂದು ವಾರ ಬಂದು ಮಾಡಿ ತೋರಿಸಲಿ.

ಮಂಜೇಶ್ವರದ ಅಮ್ಮ (ಮದರ್ ಪಿಟಿಎ)

ನಾವು ಮನೆಯಲ್ಲಿ ತುಳು. ಮಗನಿಗೆ ಓದು ಬರುತ್ತದೆ ಅಂತಲೇ ನಾನು ಅಂದುಕೊಂಡಿದ್ದೆ. ಪುಸ್ತಕ ಹಿಡಿದು ಗಡಗಡ ಹೇಳುತ್ತಿದ್ದ. ಒಂದು ದಿನ ಟೀಚರ್ ನಮ್ಮನ್ನೆಲ್ಲ ಕರೆದು ನಮ್ಮ ಎದುರೇ ಬೇರೆ ಪುಸ್ತಕ ಕೊಟ್ಟು ಓದಿಸಿದರು. ಪಾಠ ಬಾಯಿಪಾಠ ಆಗಿತ್ತು ಅಷ್ಟೇ. ಅವತ್ತು ನಾವು ಅಮ್ಮಂದಿರೆಲ್ಲ ಸುಮ್ನೆ ಮನೆಗೆ ಹೋಗಲಿಲ್ಲ, ಶಾಲೆಯಲ್ಲೇ ಕೂತು ಮಾತಾಡಿದೆವು.

ಟೀಚರ್‌ಗಳಿಗೆ ಒಂದು ಮಾತು. ಡಿವಿಷನ್, ಫಿಕ್ಸೇಷನ್ (ಟೀಚರ್ ಹುದ್ದೆಗಳ ನಿಗದಿ) ಅಂತ ನೀವು ಮಾತಾಡಿದರೆ ನಮಗೆ ಅದು ನಿಮ್ಮ ಕೆಲಸದ ವಿಷಯ ಅನ್ನಿಸುತ್ತದೆ. ಮಗುವನ್ನು ನಮ್ಮ ಎದುರು ಓದಿಸಿ ತೋರಿಸಿ. ಆಮೇಲೆ ನೀವು ಕರೆಯಬೇಕಾಗಿಲ್ಲ, ನಾವೇ ಬರುತ್ತೇವೆ.

ಜತ್ತ ತಾಲೂಕಿನ ಶಿಕ್ಷಕ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಿಂದ ನಮಸ್ಕಾರ. ನಮ್ಮದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ. ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯವರು ಕನ್ನಡದಲ್ಲೂ ಪಠ್ಯಪುಸ್ತಕ ಪ್ರಕಟಿಸುತ್ತಾರೆ, ಆ ಮಟ್ಟಿಗೆ ನಮಗೆ ಅನುಕೂಲ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಶಾಲೆಗೆ ಹಾಕುವ ತೊಂದರೆ ಮಾತ್ರ ಇಲ್ಲೂ ಇದೆ. ನಮ್ಮ ಹಳ್ಳಿಗಳಲ್ಲಿ ಬಹಳ ಮಕ್ಕಳು ಮನೆಯಲ್ಲೇ ಕನ್ನಡ ಮಾತಾಡುತ್ತಾರೆ. ಹಾಗಾಗಿ ಕುಂಬಳೆ ಟೀಚರ್ ಹೇಳಿದ ಕಷ್ಟ ನಮಗೆ ಅಷ್ಟಿಲ್ಲ. ನಮ್ಮ ಕಷ್ಟ ಬೇರೆ. ಕಬ್ಬು ಕಡಿಯುವ ಹಂಗಾಮು ಬಂತೆಂದರೆ ಅಪ್ಪ ಅಮ್ಮನ ಜೊತೆ ಮಕ್ಕಳೂ ಹೋಗಿಬಿಡುತ್ತಾರೆ. ವಾಪಸ್ ಬರುವಷ್ಟರಲ್ಲಿ ಕಲಿತದ್ದು ಅರ್ಧ ಮರೆತಿರುತ್ತದೆ.

ನಾವು ಕೆಲವು ಶಿಕ್ಷಕರು ಹೊರಡುವ ಮಕ್ಕಳ ಚೀಲದಲ್ಲಿ ಎರಡು ಸಣ್ಣ ಕಥೆ ಪುಸ್ತಕ ಹಾಕಿ ಕಳಿಸುತ್ತೇವೆ. ಬಂದ ಮೇಲೆ ಮೊದಲು ಓದಿಸಿ ನೋಡುತ್ತೇವೆ. ದೊಡ್ಡ ಯೋಜನೆಯೇನಲ್ಲ ಇದು. ಆದರೂ ಮಾಸ್ಟ್ರು ಹೇಳಿದ ಹಾಗೆ ಇದು ಯಾವ ಕಾಗದದಲ್ಲೂ ಇಲ್ಲ ಅಂತ ಈಗ ಹೊಳೆಯಿತು. ನಮ್ಮ ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿ ಠರಾವು ಮಾಡಿಸುತ್ತೇನೆ.

ಮುಳ್ಳೇರಿಯ ಬಿಎಡ್ ವಿದ್ಯಾರ್ಥಿ

ನಾವು ಕಾಲೇಜಿನ ಗೆಳೆಯರು ಕೆಲವರು ಸೇರಿ ಸಂಜೆ ಉಚಿತವಾಗಿ ಓದಿಸಲು ತಯಾರಿದ್ದೇವೆ. ತಮಿಳುನಾಡಿನಲ್ಲಿ 2021ರಲ್ಲಿ ಇಲ್ಲಂ ತೇಡಿ ಕಲ್ವಿ ಅಂತ ಮಾಡಿದರಲ್ಲ, ಸ್ವಯಂಸೇವಕರು ಮನೆಯ ಹತ್ತಿರವೇ ಸಂಜೆ ಕ್ಲಾಸು ನಡೆಸುವುದು. ಹಾಗೆ ಇಲ್ಲಿಯೂ ಮಾಡಬಹುದಲ್ವಾ? ದುಡ್ಡಿನ ಪ್ರಶ್ನೆಯೇ ಬರುವುದಿಲ್ಲ.

ಬದಿಯಡ್ಕದ ನಿವೃತ್ತ ಮಾಸ್ಟ್ರು

ತಮ್ಮಾ, ನಿಮ್ಮ ಮನಸ್ಸು ದೊಡ್ಡದು. ಖಂಡಿತ ಬನ್ನಿ. ಆದರೆ ಶಾಲೆಯ ಹೊತ್ತಿನಲ್ಲಿ ನಡೆಯುವ ಓದಿನ ಪಿರಿಯಡ್‌ಗೆ ಬದಲಾಗಿ ಬರಬೇಡಿ, ಅದರ ಜೊತೆಗೆ ಬನ್ನಿ. ಉಚಿತವಾಗಿ ನಡೆಯುತ್ತದೆ ಅಂತ ಗೊತ್ತಾದ ಕೂಡಲೇ ಟೀಚರನ್ನು ಕೊಡಬೇಕಾದವರು ಕೈತೊಳೆದುಕೊಳ್ಳುತ್ತಾರೆ. ನಿಮಗೆ ನಾಳೆ ಕೆಲಸ ಸಿಕ್ಕಿ ಹೋದರೆ ಮಕ್ಕಳನ್ನು ಯಾರು ನೋಡುತ್ತಾರೆ? ಸಂಜೆ ಬರಲಾಗದ ಮಕ್ಕಳೂ ಇದ್ದಾರೆ. ಮನೆ ದೂರ, ತಂಗಿಯನ್ನು ನೋಡಿಕೊಳ್ಳಬೇಕು, ಮಳೆಗಾಲದಲ್ಲಿ ತೋಡು (ಹಳ್ಳ) ದಾಟಬೇಕು. ಹೆಚ್ಚು ಸಹಾಯ ಬೇಕಾದವರು ಅವರೇ.

ತಾಳವಾಡಿ ಟೀಚರ್

ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿಯವಳು. ಮಾಸ್ಟ್ರ ಮಾತು ನಿಜ. ಸಂಜೆ ಕ್ಲಾಸಿನಿಂದ ಮಕ್ಕಳಿಗೆ ಉಪಕಾರ ಆಗುತ್ತದೆ, ಇಲ್ಲ ಅನ್ನಲಾರೆ. ಅದು ಶಾಲೆಯ ಟೀಚರ್ ಮಾಡುವ ಕೆಲಸದ ಜಾಗ ತುಂಬುವುದಿಲ್ಲ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ನಮ್ಮ ಮಕ್ಕಳಿಗೆ ತಮಿಳು ಕಡ್ಡಾಯ. ಕನ್ನಡ ಓದಿಗೆ ಶಾಲೆಯಲ್ಲಿ ಸಿಗುವ ಹೊತ್ತು ಇನ್ನೂ ಅಮೂಲ್ಯ. ಆ ಹೊತ್ತನ್ನು ಬಿಟ್ಟುಕೊಡಬೇಡಿ.

ಪೈವಳಿಕೆ ಯುಪಿ ಶಾಲೆ

ಒಂದು ಎಚ್ಚರಿಕೆ. ನಾವು ಸರಕಾರಿ ನೌಕರರು, 1960ರ ನಡತೆ ನಿಯಮಗಳಿಗೆ ಒಳಪಟ್ಟವರು. ಶಾಲೆ ಬಿಟ್ಟು ಮುಷ್ಕರಕ್ಕೆ ಕೂತರೆ ಡೈಸ್ ನಾನ್, ಅಂದರೆ ಆ ದಿನ ಕೆಲಸದ ಲೆಕ್ಕಕ್ಕಿಲ್ಲ, ಸಂಬಳ ಹೋಗುತ್ತದೆ. ಪತ್ರಿಕೆಗೆ ಇಲಾಖೆಯ ವಿರುದ್ಧ ಹೇಳಿಕೆ ಕೊಟ್ಟರೆ ಮೆಮೊ ಬರುತ್ತದೆ. ಹೊಸದಾಗಿ ಸೇರಿದ ಟೀಚರ್‌ಗಳಿಗೆ ಪ್ರೊಬೇಷನ್ ಇರುತ್ತದೆ, ಅವರನ್ನು ಮುಂದೆ ನಿಲ್ಲಿಸಬೇಡಿ. 2017ರಲ್ಲಿ ಶಾಲೆಗಳಲ್ಲಿ ಮಲೆಯಾಳಂ ಕಡ್ಡಾಯ ಮಾಡುವ ಮಲೆಯಾಳ ಕಲಿಕೆ ಕಾಯ್ದೆ ಬಂದಾಗ ಕಾಸರಗೋಡಿನಲ್ಲಿ ಜನ ಬೀದಿಗೆ ಇಳಿದರು. ಅದು ಊರಿನವರ, ಸಂಘಟನೆಗಳ ಬಲದಿಂದ ಆದದ್ದು. ಅರ್ಜಿ ರಕ್ಷಕರ ಹೆಸರಿನಲ್ಲಿ ಹೋಗಲಿ. ಲೆಕ್ಕ ನಾವು ಕೊಡೋಣ. ಮಕ್ಕಳ ಹೆಸರು ಮಾತ್ರ ಹಾಕಬೇಡಿ. ಓದು ಬಾರದವನು ಅಂತ ಮಗುವಿನ ಹೆಸರು ಊರಲ್ಲಿ ಓಡಾಡಬಾರದು.

ನೀರ್ಚಾಲು ಹೈಸ್ಕೂಲ್

ಕಾನೂನಿನ ಕಡೆಯಿಂದ ನನಗೆ ಗೊತ್ತಿರುವುದು ಹೇಳುತ್ತೇನೆ. ಸಂವಿಧಾನದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯ ಕೊಡಲು ರಾಜ್ಯ ಪ್ರಯತ್ನಿಸಬೇಕು ಅನ್ನುತ್ತದೆ. ಕಾಸರಗೋಡು ಕೇರಳಕ್ಕೆ ಸೇರಿದ ಅದೇ 1956ರಲ್ಲಿ, ಏಳನೇ ತಿದ್ದುಪಡಿಯಲ್ಲಿ ಬಂದದ್ದು ಇದು. ಶಿಕ್ಷಣ ಹಕ್ಕು ಕಾಯ್ದೆಯ 29(2)(ಎಫ್) ಕೂಡ ಸಾಧ್ಯವಾದಷ್ಟು ಮಾತೃಭಾಷೆಯಲ್ಲೇ ಬೋಧನೆ ಅನ್ನುತ್ತದೆ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ತಮಿಳು, ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರಕಾರಕ್ಕೆ ಬರೆಯುವ ಅವಕಾಶ ಇದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಅರ್ಜಿಯನ್ನು ಕನ್ನಡದಲ್ಲೇ ಕೊಡಿ. ಅಮ್ಮಂದಿರು ತಾವು ಸಹಿ ಹಾಕುವುದನ್ನು ಓದಿಯೇ ಸಹಿ ಹಾಕಲಿ.

ಸುಮ್ನೆ ಒಂದು ನೆನಪು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಅಧ್ಯಾಪಕರಾಗಿದ್ದವರು. ಪಾಠವನ್ನೂ ಬಿಡಲಿಲ್ಲ, ಹೋರಾಟವನ್ನೂ ಬಿಡಲಿಲ್ಲ. ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಂಡರು. ನಮ್ಮ ಕಡೆ ಟೀಚರ್ ಆದವರಿಗೆ ಇದು ಹೊಸ ದಾರಿಯೇನಲ್ಲ.

ಕುಂಬಳೆ ಟೀಚರ್

ಎಲ್ಲರ ಮಾತು ಓದಿ ಒಂದು ಕರಡು ಬರೆದಿದ್ದೇನೆ. ಪಿಟಿಎ ಹೆಸರಿನಲ್ಲಿ ಪಂಚಾಯತಿಗೆ, ಅದರ ಒಂದು ಪ್ರತಿ ಎಇಒ ಅವರಿಗೆ.

"ನಮ್ಮ ಶಾಲೆಯಲ್ಲಿ ದಿನವೂ ಒಂದು ಪಿರಿಯಡ್ ಓದಿಗೆ ಮೀಸಲಾಗಿದೆ. ಮನೆಮಾತು ಕನ್ನಡವಲ್ಲದ ಮಕ್ಕಳು ಹೆಚ್ಚಿರುವ ನಮ್ಮ ಶಾಲೆಗೆ ಇದು ಬಹಳ ಅಗತ್ಯ. ಇದನ್ನು ಶಾಲೆಯ ವಾರ್ಷಿಕ ಯೋಜನೆಯ ಭಾಗವಾಗಿ ಒಪ್ಪಬೇಕು. ಕನ್ನಡ ಓದಲು ಬರೆಯಲು ಬಲ್ಲ ಒಬ್ಬ ಟೀಚರಿಗೆ ಪಂಚಾಯತ್ ಯೋಜನೆಯಿಂದ ಗೌರವಧನ ಕೊಡಬೇಕು. ವರ್ಷದ ಆರಂಭದಲ್ಲಿ ಮತ್ತು ಕೊನೆಯಲ್ಲಿ ಪ್ರತಿ ಮಗುವಿನ ಓದನ್ನು ರಕ್ಷಕರ ಎದುರು ನೋಡಿ, ಹೆಸರಿಲ್ಲದ ಲೆಕ್ಕವನ್ನು ಪಂಚಾಯತಿಗೆ ಕೊಡುತ್ತೇವೆ. ಕನ್ನಡ ಪಾಠಪುಸ್ತಕ ಶಾಲೆ ತೆರೆಯುವ ದಿನವೇ ಮಕ್ಕಳ ಕೈಗೆ ಸಿಗಬೇಕು."

ಏನಾದರೂ ಬಿಟ್ಟುಹೋಗಿದೆಯಾ?

ಸೀತಾಂಗೋಳಿಯ ಅಪ್ಪ

'ಅಗತ್ಯ' ಅನ್ನುವ ಸಾಲಿನ ಕೆಳಗೆ ನಿಮ್ಮ ಲೆಕ್ಕವನ್ನೂ ಸೇರಿಸಿ ಟೀಚರ್. ಜೂನ್‌ನಲ್ಲಿ ಎಷ್ಟು ಮಕ್ಕಳು ಪ್ಯಾರಾ ಓದುತ್ತಿದ್ದರು, ಮಾರ್ಚ್‌ನಲ್ಲಿ ಎಷ್ಟು. ಪಂಚಾಯತಿನವರು ಮೊದಲು ನೋಡುವುದು ಅದನ್ನೇ. ನನ್ನ ಮಗು ನಿಮ್ಮ ಶಾಲೆಯಲ್ಲಿಲ್ಲ. ಆದರೂ ಗ್ರಾಮಸಭೆಯಲ್ಲಿ ಊರಿನ ಮತದಾರನಾಗಿ ಎದ್ದು ಮಾತಾಡುತ್ತೇನೆ. ಕಿರಿಯ ಮಗ ಬರುವ ವರ್ಷ ಒಂದನೇ ಕ್ಲಾಸು. ಅಷ್ಟರೊಳಗೆ ಇದು ಕಾಗದದಲ್ಲಿ ಬಂದರೆ ನಾನು ಬೇರೆ ಯೋಚನೆ ಮಾಡುತ್ತೇನೆ.

ಮಂಜೇಶ್ವರದ ಅಮ್ಮ (ಮದರ್ ಪಿಟಿಎ)

ಕರಡು ನಮ್ಮ ಶಾಲೆಗೂ ತೆಗೆದುಕೊಳ್ಳುತ್ತೇವೆ. ಸಹಿ ಮಾಡಲು ಬಾರದ ಅಜ್ಜಿಯಂದಿರೂ ನಮ್ಮಲ್ಲಿ ಇದ್ದಾರೆ. ಮಕ್ಕಳನ್ನು ಶಾಲೆಗೆ ಬಿಡುವವರು ಅವರೇ. ಹೆಬ್ಬೆಟ್ಟು ಒತ್ತಿದರೆ ಆಗುತ್ತದಾ?

ನೀರ್ಚಾಲು ಹೈಸ್ಕೂಲ್

ಧಾರಾಳವಾಗಿ ಆಗುತ್ತದೆ ಅಕ್ಕ. ಅರ್ಜಿಯನ್ನು ಅವರಿಗೆ ಓದಿ ಹೇಳಿದ್ದೇವೆ ಅಂತ ಕೆಳಗೆ ಬರೆದು, ಓದಿ ಹೇಳಿದವರು ಸಹಿ ಮಾಡಲಿ. ಅರ್ಜಿ ಕೊಡುವಾಗ ರಶೀದಿ ಕೇಳಿ ಪಡೆಯಿರಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳುವಾಗ ಆ ನಂಬರು ಬೇಕಾಗುತ್ತದೆ.

ಕುಂಬಳೆ ಟೀಚರ್

ಅಣ್ಣ ಹೇಳಿದ ಲೆಕ್ಕ ಸೇರಿಸಿದೆ. ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿದ್ದೇನೆ, ಪಿಟಿಎ ಸಭೆಯನ್ನು ಶಾಲೆ ತೆರೆಯುವ ಮೊದಲೇ ಕರೆಯಲು ಒಪ್ಪಿದ್ದಾರೆ. ಆ ಸಭೆಯಲ್ಲಿ ಓದಿನ ಪಿರಿಯಡ್ ಮಿನಿಟ್ಸ್‌ಗೆ ಹೋಗುತ್ತದೆ. ಮುಳ್ಳೇರಿಯ ತಮ್ಮ, ನೀವು ಗೆಳೆಯರ ಜೊತೆ ಜೂನ್ ಮೊದಲ ವಾರ ಬನ್ನಿ. ಮಕ್ಕಳನ್ನು ಒಬ್ಬೊಬ್ಬರಾಗಿ ಓದಿಸಿ ನೋಡಲು ಜನ ಬೇಕು. ಹೇಗೆ ಅಂತ ನಾನು ತೋರಿಸಿಕೊಡುತ್ತೇನೆ. ಕುಂಬಳೆ, ಮಂಜೇಶ್ವರ ಸಬ್ ಜಿಲ್ಲೆಯ ಬೇರೆ ಶಾಲೆಯವರು ಕರಡು ಬೇಕಾದರೆ ಇಲ್ಲಿಂದಲೇ ತೆಗೆದುಕೊಳ್ಳಿ. ಶಾಲೆಯ ಹೆಸರು, ಲೆಕ್ಕ ಬದಲಾಯಿಸಿದರೆ ಸಾಕು. ಪಂಚಾಯತಿನಿಂದ ಏನು ಉತ್ತರ ಬಂತು ಅಂತ ಇಲ್ಲೇ ಬರೆಯುತ್ತೇನೆ, ನೀವೂ ಬರೆಯಿರಿ.